ನಾಪೋಕ್ಲಿನಿಂದ ಬೆಂಗಳೂರಿನ ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಪಡೆದದ್ದು

ಮೈಸೂರಿನಲ್ಲಿ ಓದುತ್ತಿರುವ ಮಗಳು ಬೆಂಗಳೂರಿನ ಒಂದು ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ನಾನೂ ಜೊತೆಗೆ ಬರಲೇಬೇಕೆಂದು ಹಟ ಹಿಡಿದಳು. ಟಿಕೆಟ್ ಮಾರಾಟ ಆರಂಭವಾಗುವ ಮಧ್ಯಾಹ್ನ ಹನ್ನೆರಡು ಗಂಟೆಗೆ ಅವಳಿಗೆ ತರಗತಿ ಇದ್ದುದರಿಂದ ಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು. ಕೊಡಗಿನ ನಾಪೋಕ್ಲಿನ ಆಚೆ ಕಾಫಿ ತೋಟದ ನಡುವೆ ಇರುವ ನಮ್ಮ ಮನೆಯಲ್ಲಿ ಜಗಲಿಯ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ನಿಂತುಹೋಗುತ್ತದೆ. ಇದು ಗೊತ್ತಿದ್ದೂ ಮೊದಲ ಸಲ ನಾನು ಮನೆಯಲ್ಲಿಯೇ ಕುಳಿತೆ.

ಎರಡು ಆಸನಗಳೇನೋ ಸಿಕ್ಕವು. ಪರದೆಯ ಮೇಲ್ಭಾಗದಲ್ಲಿ ಹಣ ಕಟ್ಟಲು ಉಳಿದ ನಿಮಿಷ, ಸೆಕೆಂಡುಗಳು ಇಳಿಯುತ್ತಿದ್ದವು. ನಾನು ಯುಪಿಐ ಪಿನ್ ಒತ್ತಿದ ಮರುಕ್ಷಣ ಸಿಗ್ನಲ್ ಹೋಯಿತು. ಅದು ಮರಳಿದಾಗ ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಬಂದಿತ್ತು, ಟಿಕೆಟ್ ಮಾತ್ರ ಬಂದಿರಲಿಲ್ಲ. ಆ ಸಂಜೆಯೆಲ್ಲ ತಳಮಳದಲ್ಲಿ ಕಳೆದ ಮೇಲೆ ತಿಳಿದುಕೊಂಡದ್ದೆಂದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಯುಪಿಐ ಮೂಲಕ ಕಡಿತವಾದ ಹಣಕ್ಕೆ ಮಾರಾಟಗಾರರ ಕಡೆಯಿಂದ ದೃಢೀಕರಣ ಸಿಗದಿದ್ದರೆ ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ನನ್ನ ಹಣ ಮೂರನೆಯ ದಿನ ಬಂತು. ವ್ಯವಹಾರದ ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಂಡದ್ದು ಬ್ಯಾಂಕಿಗೆ ದೂರು ಕೊಡುವಾಗ ಬಹಳ ಉಪಯೋಗಕ್ಕೆ ಬಂತು.

ಟಿಕೆಟ್ ಖಾಲಿಯಾದ ಕೆಲವೇ ಗಂಟೆಗಳಲ್ಲಿ ವಾಟ್ಸಾಪ್ ಗುಂಪೊಂದರಲ್ಲಿ ಯಾರೋ ಮೂರು ಪಟ್ಟು ಬೆಲೆಗೆ ಟಿಕೆಟ್ ಕೊಡುವುದಾಗಿ ಕ್ಯೂಆರ್ ಕೋಡಿನ ಚಿತ್ರ ಹಾಕಿದ್ದರು. ಮಗಳ ಮುಖ ನೆನೆದು ಒಂದು ಕ್ಷಣ ಮನಸ್ಸು ಸೋತಿತು. ಆದರೆ ಒಂದೇ ಚಿತ್ರವನ್ನು ಹತ್ತು ಜನರಿಗೆ ಮಾರಬಹುದು, ದ್ವಾರದಲ್ಲಿ ಮೊದಲು ಸ್ಕ್ಯಾನ್ ಮಾಡಿಸಿದವರಿಗೆ ಮಾತ್ರ ಒಳಗೆ ಪ್ರವೇಶ. 2024ರ ಸೆಪ್ಟೆಂಬರ್‌ನಲ್ಲಿ ಕೋಲ್ಡ್‌ಪ್ಲೇ ತಂಡದ ನವಿ ಮುಂಬಯಿ ಕಾರ್ಯಕ್ರಮದ ಟಿಕೆಟ್‌ಗಳು ಖಾಲಿಯಾದ ಬೆನ್ನಿಗೇ ಅವುಗಳಿಗೆ ಹಲವು ಪಟ್ಟು ಬೆಲೆ ಕೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇಂತಹ ಕಡೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ಹಣ ಮರಳಿಸುತ್ತೇವೆಂದು ಹೇಳಿ ಪಿನ್ ಒತ್ತಲು ಕೇಳಿದರೆ ಅದು ಮೋಸವೇ, ಏಕೆಂದರೆ ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ.

ಎರಡು ವಾರಗಳ ನಂತರ ಅದೇ ಕಾರ್ಯಕ್ರಮಕ್ಕೆ ಇನ್ನೊಂದು ದಿನವನ್ನು ಸೇರಿಸಿದರು. ಈ ಸಲ ನಾನು ಹಿಂದಿನ ದಿನವೇ ಮಡಿಕೇರಿಯ ನಾದಿನಿಯ ಮನೆಗೆ ಹೋದೆ. ಅಲ್ಲಿ ಫೈಬರ್ ಸಂಪರ್ಕವೂ ಇದೆ, ಇನ್ವರ್ಟರೂ ಇದೆ. ರಾತ್ರಿಯೇ ಖಾತೆಗೆ ಲಾಗಿನ್ ಆಗಿ, ಹೆಸರು, ಇಮೇಲ್ ಸರಿಪಡಿಸಿ, ಖಾತೆಯ ದಿನದ ಪಾವತಿ ಮಿತಿಯನ್ನು ನೋಡಿಕೊಂಡೆ. ಮೈದಾನದ ನಕ್ಷೆಯನ್ನು ನಿಧಾನವಾಗಿ ಓದಿದ್ದು ಆಗಲೇ. ವೇದಿಕೆಯ ಮುಂಭಾಗ ದುಬಾರಿ, ಅಲ್ಲಿ ನಿಂತೇ ಇರಬೇಕು. ಧ್ವನಿ ನಿಯಂತ್ರಣ ಮಾಡುವವರು ಕುಳಿತುಕೊಳ್ಳುವ ಜಾಗದ ಆಸುಪಾಸಿನಲ್ಲಿ ಸಂಗೀತ ಚೆನ್ನಾಗಿ ಕೇಳುತ್ತದೆಂಬುದು ನನ್ನ ಅನುಭವವಾದ್ದರಿಂದ, ಅದರ ಹಿಂದಿನ ಆಸನಗಳನ್ನು ಮೊದಲ ಆಯ್ಕೆಯಾಗಿಯೂ ಅವು ಸಿಗದಿದ್ದರೆ ಬಲಬದಿಯ ಆಸನಗಳನ್ನು ಎರಡನೆಯ ಆಯ್ಕೆಯಾಗಿಯೂ ಚೀಟಿಯಲ್ಲಿ ಬರೆದಿಟ್ಟೆ.

ಬೆಳಿಗ್ಗೆ ಹನ್ನೊಂದೂವರೆಗೆ ಆನ್‌ಲೈನ್ ಸಾಲಿನಲ್ಲಿ ಸೇರಿಕೊಂಡೆ. ಇಂತಹ ದೊಡ್ಡ ಮಾರಾಟಗಳಲ್ಲಿ ಸಮಯಕ್ಕೆ ಮುಂಚೆ ಬಂದವರೆಲ್ಲರಿಗೂ ಮಾರಾಟ ತೆರೆಯುವಾಗ ಚೀಟಿ ಎತ್ತಿದ ಹಾಗೆ ಸ್ಥಾನ ಕೊಡುವುದುಂಟು, ಆದ್ದರಿಂದ ನಸುಕಿನಿಂದಲೇ ಕಾಯುವುದರಲ್ಲಿ ಲಾಭವಿಲ್ಲ. ನನ್ನ ಮುಂದೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರಿದ್ದರು. ಸಂಖ್ಯೆ ಹತ್ತು ನಿಮಿಷ ಅಲುಗಾಡದೆ ನಿಂತಾಗ ಪುಟವನ್ನು ರಿಫ್ರೆಶ್ ಮಾಡಲು ಕೈ ಚಾಚಿದೆ. ಪಕ್ಕದಲ್ಲಿ ಕುಳಿತಿದ್ದ ನಾದಿನಿ, “ಅತ್ತಿಗೆ, ಈಗ ಏನನ್ನೂ ಒತ್ತಬೇಡಿ, ಇರುವ ಜಾಗವೂ ಹೋದೀತು” ಎಂದು ತಡೆದಳು. ಮುಕ್ಕಾಲು ಗಂಟೆಯ ನಂತರ ನಕ್ಷೆ ತೆರೆಯಿತು. ಮೊದಲ ಆಯ್ಕೆ ಮುಗಿದಿತ್ತು, ಬಲಬದಿಯಲ್ಲಿ ಎರಡು ಆಸನ ಸಿಕ್ಕವು. ಕೊನೆಯ ಪರದೆಯಲ್ಲಿ ಬುಕಿಂಗ್ ಶುಲ್ಕವೂ ಅದರ ಮೇಲೆ ಶೇ 18 ಜಿಎಸ್‌ಟಿಯೂ ಸೇರಿದವು. ಆ ಮೊತ್ತವನ್ನು ಮೊದಲೇ ಲೆಕ್ಕ ಹಾಕಿದ್ದರಿಂದ ತಡವರಿಸದೆ ಹಣ ಕಟ್ಟಿದೆ.

ಕೊಡಗಿಗೆ ರೈಲಿಲ್ಲದ ಕಾರಣ ನಮಗೆ ಟಿಕೆಟ್ ಕೈಗೆ ಬಂದರೆ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಕಾರ್ಯಕ್ರಮ ಆ ಹೊತ್ತಿಗೆ ಮುಗಿಯುತ್ತದೆಂದು ಲೆಕ್ಕ ಹಿಡಿದು, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ತಡರಾತ್ರಿ ಹೊರಡುವ ಸಾರಿಗೆ ಬಸ್ಸಿನಲ್ಲಿ ಮಗಳಿಗೆ ಮೈಸೂರಿನವರೆಗೆ, ನನಗೆ ಮಡಿಕೇರಿಯವರೆಗೆ ಸೀಟುಗಳನ್ನು ಅಂದೇ ಕಾದಿರಿಸಿದೆ. ಮೈದಾನದಲ್ಲಿ ಸಾವಿರಾರು ಜನ ಸೇರಿದಾಗ ಇಂಟರ್ನೆಟ್ ನಡೆಯುವುದಿಲ್ಲವಾದ್ದರಿಂದ ಟಿಕೆಟನ್ನು ದಾರಿಯಲ್ಲೇ ಫೋನಿನಲ್ಲಿ ತೆರೆದಿಟ್ಟುಕೊಂಡಿದ್ದೆವು; ದ್ವಾರದಲ್ಲಿ ಒಂದು ನಿಮಿಷವೂ ಹಿಡಿಯಲಿಲ್ಲ. ಮಗಳು ಈಗ ಇನ್ನೊಂದು ಕಾರ್ಯಕ್ರಮದ ಸುದ್ದಿ ಹೇಳಿದ್ದಾಳೆ. ಮಾರಾಟ ಕಾಫಿ ಕೊಯ್ಲಿನ ದಿನಗಳಲ್ಲೇ ಬರುತ್ತದೆ, ಆದರೂ ಆ ಒಂದು ದಿನ ಮಡಿಕೇರಿಗೆ ಬರುವುದಾಗಿ ನಾದಿನಿಗೆ ಹೇಳಿಯಾಗಿದೆ.