ತಕ್ಕಡಿ ಪಕ್ಕದಲ್ಲಿಟ್ಟುಕೊಂಡು ಕಟ್ಟಿದ ಹಡಗು: 1:125ರ ಐಎನ್‌ಎಸ್ ಮೈಸೂರು

ಮೈಸೂರಿನ ಹೆಸರು ಹೊತ್ತ ಯುದ್ಧನೌಕೆಗಳು ಎರಡು. ಮೊದಲನೆಯದು ಬ್ರಿಟನ್ನಿನಿಂದ ಕೊಂಡ 'ನೈಜೀರಿಯಾ' ಎಂಬ ಕ್ರೂಸರ್; 1957ರಲ್ಲಿ 'ಮೈಸೂರು' ಆಗಿ ನಮ್ಮ ನೌಕಾಪಡೆ ಸೇರಿ 1985ರಲ್ಲಿ ನಿವೃತ್ತಿಯಾಯಿತು. ಎರಡನೆಯದು ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಡೆಲ್ಲಿ ವರ್ಗದ ಡಿಸ್ಟ್ರಾಯರ್, ಗುರುತಿನ ಸಂಖ್ಯೆ ಡಿ60. ಸೇವೆಗೆ ಸೇರಿದ್ದು 1999ರ ಜೂನ್ 2ರಂದು. ನಾನು ಕಟ್ಟಿದ್ದು ಈ ಎರಡನೆಯದರ ಮಾದರಿ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕಲ್ಲ, ನೀರಿನಲ್ಲಿ ಓಡಿಸುವುದಕ್ಕೆ. ಹಾಗಾಗಿ ಗರಗಸಕ್ಕಿಂತ ಹೆಚ್ಚು ಕೈಗೆ ಬಂದದ್ದು 5 ಕೆ.ಜಿ.ವರೆಗೆ ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ.

ಅಸಲು ಹಡಗಿನ ಉದ್ದ 163 ಮೀಟರ್, ಅಗಲ 17 ಮೀಟರ್, ನೀರಿನಲ್ಲಿ ಮುಳುಗುವ ಆಳ 6.5 ಮೀಟರ್, ಸರಕು ಇಂಧನ ಎಲ್ಲ ತುಂಬಿದಾಗಿನ ತೂಕ ಸುಮಾರು 6,700 ಟನ್. ಇದನ್ನು ಕುಗ್ಗಿಸುವಾಗ ಉದ್ದ ಅಗಲಗಳು ನೇರವಾಗಿ ಭಾಗವಾಗುತ್ತವೆ, ತೂಕ ಮಾತ್ರ ಘನದ ಲೆಕ್ಕದಲ್ಲಿ ಇಳಿಯುತ್ತದೆ. 1:200ಕ್ಕೆ ಇಳಿಸಿದರೆ 81 ಸೆಂ.ಮೀ. ಉದ್ದದ ಮುದ್ದಾದ ಹಡಗು ಬರುತ್ತದೆ, ಆದರೆ ಅದು 840 ಗ್ರಾಂಗಿಂತ ಹೆಚ್ಚು ತೂಗುವ ಹಾಗಿಲ್ಲ. ಬ್ಯಾಟರಿ, ಮೋಟಾರು ಹಾಕಿದರೆ ಒಡಲಿಗೆ ಏನೂ ಉಳಿಯುವುದಿಲ್ಲ. 1:100 ಆದರೆ 6.7 ಕೆ.ಜಿ. ಸಿಗುತ್ತದೆ, ಉದ್ದ 163 ಸೆಂ.ಮೀ. ಆಗಿ ಕಾರಿನೊಳಗೆ ಹಿಡಿಯುವುದಿಲ್ಲ. 1:125 ನಡುವಿನ ದಾರಿ: ಉದ್ದ 130 ಸೆಂ.ಮೀ., ಅಗಲ 13.6, ಮುಳುಗುವ ಆಳ 5.2, ತೂಕ 3.43 ಕೆ.ಜಿ.

ಆ 3.43ನ್ನೂ ಹಾಗೆಯೇ ಇಟ್ಟುಕೊಳ್ಳಬಾರದು. ಅಸಲು ಹಡಗು ತೇಲುವುದು ಉಪ್ಪುನೀರಿನಲ್ಲಿ, ನಮ್ಮದು ಕಾವೇರಿ ನೀರಿನಲ್ಲಿ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಭಾರ. ಅದೇ ಗೆರೆಗೆ ತೇಲಬೇಕಾದರೆ ಮಾದರಿಯ ತೂಕ 3,350 ಗ್ರಾಂಗೆ ಇಳಿಯಬೇಕು. ಈ ಒಡಲಿಗೆ ಪ್ರತಿ 125 ಗ್ರಾಂ ಹೆಚ್ಚಾದಾಗಲೂ ಹಡಗು 1 ಮಿ.ಮೀ. ಕೆಳಗಿಳಿಯುತ್ತದೆ. ಅರ್ಧ ಕೆ.ಜಿ. ತಪ್ಪಿದರೆ 4 ಮಿ.ಮೀ.; ನೀರಿನ ಗೆರೆಯಲ್ಲಿ ಬಳಿದ ಕಪ್ಪು ಪಟ್ಟಿ ಪೂರ್ತಿ ನೀರಿನಡಿ ಹೋಗಿ, ದಡದಲ್ಲಿ ನಿಂತವರ ಕಣ್ಣಿಗೂ ಹಡಗು ಕುಸಿದಂತೆ ಕಾಣುತ್ತದೆ.

ಕಟ್ಟುವ ಮೊದಲೇ ತೂಕವನ್ನು ಹೀಗೆ ಹಂಚಿದೆ: ಒಡಲು 900 ಗ್ರಾಂ, ಡೆಕ್ 150, ಎರಡು ಮೋಟಾರು, ದಂಡ, ಪಂಖಗಳು 350, ಬ್ಯಾಟರಿ 720, ರೇಡಿಯೊ ಮತ್ತು ವೈರು 180, ಮೇಲ್ಕಟ್ಟಡ 350, ಬಣ್ಣ 100, ಹಡಗು ಮಗುಚದಂತೆ ತಳದಲ್ಲಿಡುವ ಸೀಸ 600. ಕೊನೆಯ ಅಂಕಿಗೆ ಬೇರೆ ಭಾಗಗಳು ಕೈ ಹಾಕಲು ಬಿಡಬಾರದು. ಒಡಲು ನೂರು ಗ್ರಾಂ ಜಾಸ್ತಿಯಾಯಿತು, ಸೀಸದಲ್ಲಿ ಕಡಿಮೆ ಮಾಡಿಕೊಂಡರಾಯಿತು ಎಂದರೆ ತೂಕವೇನೋ ಸರಿಹೋಗುತ್ತದೆ, ಹಡಗು ಮಾತ್ರ ಮಗುಚುತ್ತದೆ. ಅದರ ಲೆಕ್ಕ ಮುಂದೆ ಬರುತ್ತದೆ.

ಸೇವೆಯಲ್ಲಿರುವ ಯುದ್ಧನೌಕೆಯ ನೀರಿನಡಿಯ ರೇಖೆಗಳನ್ನು ನೌಕಾಪಡೆಗಳು ಸಾಮಾನ್ಯವಾಗಿ ಹಂಚುವುದಿಲ್ಲ. ನೀರಿನ ಮೇಲಿನ ಆಕಾರ ಫೋಟೋಗಳಿಂದ ಬರುತ್ತದೆ, ಕೆಳಗಿನದನ್ನು ಉದ್ದ, ಅಗಲ, ಆಳ, ತೂಕ ಈ ನಾಲ್ಕೂ ಹೊಂದುವಂತೆ ಬರೆದುಕೊಳ್ಳಬೇಕು. ಆದ್ದರಿಂದ ಇದನ್ನು 'ಪ್ರೇರಿತ' ಎನ್ನುವುದೇ ಸರಿ. ಪ್ರತಿ 10 ಸೆಂ.ಮೀ.ಗೆ ಒಂದು ಅಡ್ಡಚೌಕಟ್ಟು, ಮೂತಿಯ ಕಡೆ 5 ಸೆಂ.ಮೀ.ಗೆ ಒಂದು, 4 ಮಿ.ಮೀ. ಪ್ಲೈವುಡ್‌ನಲ್ಲಿ. ಮೂತಿಯ ಹತ್ತಿರ ಬಾಗು ಬೇಗ ಬೇಗ ಬದಲಾಗುವುದರಿಂದ ಅಲ್ಲಿ ಚೌಕಟ್ಟು ಹತ್ತಿರ ಹತ್ತಿರ ಇಲ್ಲದಿದ್ದರೆ ಪಟ್ಟಿಗಳ ನಡುವೆ ತಗ್ಗು ಬೀಳುತ್ತದೆ. ಚೌಕಟ್ಟಿನ ಒಳಭಾಗ ಕೊರೆದು ಸುತ್ತ 12 ಮಿ.ಮೀ. ಅಂಚು ಮಾತ್ರ ಉಳಿಸಿದೆ. ಇದಕ್ಕೆ ಇನ್‌ಲೇ ಕೆಲಸದವರು ಹಿಡಿಯುವ ಸಣ್ಣ ಬಿಲ್ಲುಗರಗಸದಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಮೈಸೂರಿನಲ್ಲಿ ಇರುವವರಿಗೆ ಇದೊಂದು ಭಾಗ್ಯ. ಕೂದಲೆಳೆ ದಪ್ಪದ ಗೆರೆಯನ್ನು ಬೀಟೆಮರದಲ್ಲಿ ಕೊರೆಯುವ ಕೈಗಳು ಇದೇ ಊರಿನಲ್ಲಿವೆ. ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿದರೆ ಸಾಕು, ಗರಗಸ ನಿಂತಲ್ಲೇ ಆಡಿ, ತಿರುಗುವುದು ಹಲಗೆ ಎಂಬುದು ತಿಳಿಯುತ್ತದೆ.

ಚೌಕಟ್ಟುಗಳನ್ನು ಸಪಾಟು ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ನಡುವೆ ಹಡಗಿನ ಬೆನ್ನೆಲುಬಾದ ಕೀಲ್ ಪಟ್ಟಿ ಕೂರಿಸಿ, 8 ಮಿ.ಮೀ. ಅಗಲ 3 ಮಿ.ಮೀ. ದಪ್ಪದ ಸಿಲ್ವರ್ ಓಕ್ ಪಟ್ಟಿಗಳನ್ನು ಅಂಟಿಸುತ್ತಾ ಹೋಗಬೇಕು. ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆ ನಾಲ್ಕು ಪಟ್ಟಿ ಮುಗಿಸಿದರೆ ಎಳೆತಕ್ಕೆ ಕೀಲ್ ಬಾಳೆಕಾಯಿಯಂತೆ ಬಾಗುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಹಾಗೆ ಬಾಗಿದ ಹಡಗು ಚುಕ್ಕಾಣಿ ನೇರವಿದ್ದರೂ ಸದಾ ಒಂದು ಕಡೆಗೆ ಎಳೆಯುತ್ತದೆ. ಮೂತಿಯ ಕಡೆ ಪಟ್ಟಿಯನ್ನು 8ರಿಂದ 4 ಮಿ.ಮೀ.ಗೆ ಸಪುರ ಮಾಡಿ, ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಬಾಗಿಸಿ ಕಟ್ಟಿ, ಪೂರ್ತಿ ಒಣಗಿದ ಮೇಲೆ ಅಂಟಿಸಬೇಕು. ತೇಗ ಬೇಡ: ಭಾರ, ಜೊತೆಗೆ ಅದರ ಎಣ್ಣೆಯಂಶಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ನೀರು ತಡೆಯುವ ಮರೀನ್ ಬಗೆಯದೇ ಆಗಬೇಕು. ಮಾಮೂಲಿ ಬಿಳಿ ಅಂಟು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ.

80, 120, 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಹೊರಗೆ 160 ಜಿಎಸ್‌ಎಂನ (ಚದರ ಮೀಟರಿಗೆ 160 ಗ್ರಾಂ ತೂಗುವ) ಗಾಜಿನ ಬಟ್ಟೆ ಒಂದು ಪದರ, ಎಪಾಕ್ಸಿ ರಾಳದೊಂದಿಗೆ. ಒಡಲಿನ ಹೊರಮೈ ಸುಮಾರು 0.29 ಚದರ ಮೀಟರ್, ಅಂದರೆ ಬಟ್ಟೆ 46 ಗ್ರಾಂ, ರಾಳವೂ ಅಷ್ಟೇ ಆಗಬೇಕು. ಬಟ್ಟೆಯ ನೇಯ್ಗೆ ಕಾಣಬಾರದೆಂದು ರಾಳ ಸುರಿದವರ ಒಡಲು 200 ಗ್ರಾಂ ದಪ್ಪಗಾಗುತ್ತದೆ. ಹಳೆಯ ಎಟಿಎಂ ಕಾರ್ಡಿನಿಂದ ಎಳೆದು ಹೆಚ್ಚಿನ ರಾಳ ತೆಗೆಯಬೇಕು. ಒಳಗೂ ತೆಳುವಾಗಿ ಒಂದು ಕೈ ರಾಳ ಬಳಿಯದೆ ಬಿಡಬಾರದು. ನಮ್ಮಲ್ಲಿ ಏಪ್ರಿಲ್‌ನ ಒಣಗಾಳಿಗೂ ಜುಲೈನ ತೇವಕ್ಕೂ ನಡುವೆ ಮರ ಕುಗ್ಗಿ ಹಿಗ್ಗಿ, ಒಳಮೈ ಬರಿದಾಗಿದ್ದರೆ ಹೊರಗಿನ ಬಣ್ಣದ ಮೇಲೆ ಪಟ್ಟಿಗಳ ಗೆರೆ ಎದ್ದು ಕಾಣುತ್ತದೆ. ಎಫ್‌ಆರ್‌ಪಿ (ಫೈಬರ್ ಗ್ಲಾಸ್) ಅಂಗಡಿಯವರು ಅಗ್ಗವೆಂದು ಪಾಲಿಯೆಸ್ಟರ್ ರಾಳ ಕೊಡುತ್ತಾರೆ. ಅದು ಥರ್ಮೊಕೋಲನ್ನು ಕರಗಿಸುತ್ತದೆ. ಹಡಗು ಮುಳುಗದಂತೆ ಮೂತಿಗೂ ಹಿಂಬದಿಗೂ ಒಟ್ಟು ಒಂದೂವರೆ ಲೀಟರ್‌ನಷ್ಟು ಥರ್ಮೊಕೋಲ್ ತುಂಬುವುದರಿಂದ, ಈ ಒಡಲಿನ ಹತ್ತಿರಕ್ಕೂ ಪಾಲಿಯೆಸ್ಟರ್ ಬರಬಾರದು.

ಪಂಖ ತಿರುಗಿಸುವ ದಂಡಗಳ ಕೆಲಸಕ್ಕೆ ಆತುರ ಸಲ್ಲದು. ಅಸಲು ಹಡಗಿನಂತೆ ಇಲ್ಲೂ ಎರಡು ದಂಡ: 4 ಮಿ.ಮೀ. ಸ್ಟೀಲ್ ಕಡ್ಡಿ, ಹಿತ್ತಾಳೆ ಕೊಳವೆಯೊಳಗೆ. ಪಂಖ 30 ಮಿ.ಮೀ.ನದು, ಒಂದು ಎಡಕ್ಕೆ ತಿರುಗುವಂಥದ್ದು, ಇನ್ನೊಂದು ಬಲಕ್ಕೆ. ಎರಡೂ ಒಂದೇ ದಿಕ್ಕಿನವಾದರೆ ಹಿಂಬದಿ ಪಕ್ಕಕ್ಕೆ ನಡೆಯುತ್ತದೆ. 12 ವೋಲ್ಟಿನ 385 ಗಾತ್ರದ ಮೋಟಾರನ್ನು 6 ವೋಲ್ಟಿನಲ್ಲಿ ಓಡಿಸುತ್ತೇನೆ. ನಿಧಾನ ಸುತ್ತು, ಒಳ್ಳೆಯ ಎಳೆತ. ಮೋಟಾರು ಕೂರಿಸುವಾಗ ಮೋಟಾರಿನ ಕಡ್ಡಿಗೂ ಪಂಖದ ದಂಡಕ್ಕೂ ಮೊದಲು ಅಲುಗಾಡದ ಹಿತ್ತಾಳೆ ತೋಳು ಹಾಕಿ ಎರಡನ್ನೂ ಒಂದೇ ಸರಳಾಗಿ ಮಾಡಿ, ಆ ಸ್ಥಿತಿಯಲ್ಲೇ ಮೋಟಾರಿನ ಕೆಳಗಿನ ಪೀಠ ಅಂಟಿಸಬೇಕು. ಅಂಟು ಗಟ್ಟಿಯಾದ ಮೇಲೆ ತೋಳು ತೆಗೆದು, ಬಾಗಿದರೂ ತಿರುಗಬಲ್ಲ ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಎರಡೂ ಒಂದೇ ನೇರದಲ್ಲಿ ಉಳಿಯುತ್ತವೆ. ಜಾಯಿಂಟ್ ಇದೆಯಲ್ಲ ಎಂದು ಕಣ್ಣಂದಾಜಿನಲ್ಲಿ ಕೂರಿಸಿದರೆ ಗರಗರ ಸದ್ದು ಬರುತ್ತದೆ, ಕರೆಂಟು ಏರುತ್ತದೆ. ಎರಡೂ ಮೋಟಾರು ಸೇರಿ ಪೂರ್ತಿ ವೇಗದಲ್ಲಿ 1.5 ಆಂಪಿಯರ್ ಆಸುಪಾಸು ಇದ್ದರೆ ಸರಿ. 3 ದಾಟಿದರೆ ದಂಡ ಸೊಟ್ಟಗಿದೆ ಎಂದೇ ತಿಳಿಯಬೇಕು.

ಕೊಳವೆಗೆ ಲಿಥಿಯಂ ಗ್ರೀಸ್ ತುಂಬಬೇಕು, ವ್ಯಾಸಲೀನ್ ಬೇಡ. ಬಿಸಿಲಿಗೆ ಅದು ನೀರಾಗಿ ಹರಿದು, ಆ ಜಾಗದಲ್ಲಿ ಕೆರೆಯ ನೀರು ಒಳಬರುತ್ತದೆ. ಪ್ರತಿ ಮೋಟಾರಿಗೂ '104' ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಮೂರು: ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಮೋಟಾರಿನ ಲೋಹದ ಮೈಗೆ ಒಂದೊಂದು. ಇಲ್ಲದಿದ್ದರೆ ಮೋಟಾರಿನ ಕಿಡಿಗೆ ಚುಕ್ಕಾಣಿ ತಾನಾಗಿ ನಡುಗುತ್ತದೆ. ರಿಮೋಟಿನ 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟುವುದಿಲ್ಲ. ರಿಸೀವರಿನ ಆಂಟೆನಾ ನೀರಿನ ಗೆರೆಗಿಂತ ಮೇಲೆ, ಡೆಕ್‌ನ ಕೆಳಗೇ ನಿಲ್ಲಲಿ. ಬ್ಯಾಟರಿ 6 ವೋಲ್ಟ್, 4.5 ಆಂಪಿಯರ್-ಗಂಟೆಯ ಲೆಡ್ ಆ್ಯಸಿಡ್. ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಿದರೆ ತೂಕ ಉಳಿಯುತ್ತದೆ ಎನ್ನುತ್ತಾರೆ. ಉಳಿಸಿದ ತೂಕಕ್ಕೆ ಮತ್ತೆ ಸೀಸವನ್ನೇ ತುಂಬಬೇಕಾಗುವುದರಿಂದ ಈ ಹಡಗಿಗೆ ಅದರಿಂದ ಲಾಭವಿಲ್ಲ. ಬ್ಯಾಟರಿಯನ್ನು ಅಡ್ಡ ಮಲಗಿಸಿ ಕೀಲ್‌ಗೆ ತಾಗುವಂತೆ ಇಡಬೇಕು.

ಮೇಲ್ಕಟ್ಟಡದಲ್ಲಿ ಒಂದೊಂದು ಗ್ರಾಂಗೂ ಬೆಲೆಯಿದೆ. ಗುರುತ್ವ ಕೇಂದ್ರಕ್ಕಿಂತ 20 ಸೆಂ.ಮೀ. ಮೇಲೆ 100 ಗ್ರಾಂ ಇಟ್ಟರೆ ಇಡೀ ಹಡಗಿನ ಗುರುತ್ವ ಕೇಂದ್ರ 6 ಮಿ.ಮೀ. ಮೇಲೇರುತ್ತದೆ. ವಾಲಿದ ಹಡಗು ಮತ್ತೆ ನೆಟ್ಟಗಾಗುವ ಶಕ್ತಿಯನ್ನು ಹೇಳುವ ಸ್ಥಿರತೆಯ ಅಳತೆ ಗುರುತ್ವ ಕೇಂದ್ರ ಏರಿದಷ್ಟೂ ಇಳಿಯುತ್ತದೆ; ಇಂಥ ಮಾದರಿಗೆ ಅದು ಇರುವುದೇ 12 ಮಿ.ಮೀ.ನಷ್ಟು, ಅದರಲ್ಲಿ ಅರ್ಧ ಹೋಯಿತು. ಆದ್ದರಿಂದ ಸೇತುವೆ (ಹಡಗು ನಡೆಸುವ ಕೋಣೆ), ಹೊಗೆಗೂಡುಗಳು, ಹೆಲಿಕಾಪ್ಟರ್ ಕೊಟ್ಟಿಗೆ ಎಲ್ಲ ಬೋರ್ಡು ಬರೆಯುವವರು ಬಳಸುವ 3 ಮಿ.ಮೀ. ಸನ್‌ಬೋರ್ಡಿನಲ್ಲಿ, ಮೇಲಿನ ಅಂತಸ್ತುಗಳು 1 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ. ಒಂದೊಂದು ಕಂಬ 15 ಗ್ರಾಂ ದಾಟಬಾರದು. ಹಿತ್ತಾಳೆ ಕಡ್ಡಿ ಬೆಸೆದು ಮಾಡಿದ ಕಂಬ ನೋಡಲು ಚೆಂದ, ಆದರೆ ಅದು ಗಾಜಿನ ಪೆಟ್ಟಿಗೆಯ ಹಡಗಿಗೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಕಡೆತಕ್ಕೆ ಬೆಣ್ಣೆಯಂತೆ ಬರುತ್ತದೆ. ಡೆಕ್ ಮಟ್ಟದ ಸಣ್ಣ ಗುಂಡು ಭಾಗಗಳನ್ನೆಲ್ಲ ಅದರಲ್ಲೇ ಮಾಡಿದೆ. ಮೂತಿಯ ಕಡೆಯ 100 ಮಿ.ಮೀ. ತೋಪಿನ ನಳಿಗೆಯ ರಂಧ್ರ ಈ ಅಳತೆಯಲ್ಲಿ ಒಂದು ಮಿ.ಮೀ. ಒಳಗೇ ಬರುತ್ತದೆ. ಖಾಲಿ ರೀಫಿಲ್‌ನ ಕೊಳವೆ ದಪ್ಪ, ಇಂಜೆಕ್ಷನ್ ಸೂಜಿಯ ಕೊಳವೆ ಸರಿ. ಸೇತುವೆಯ ಮೇಲಿನ ಗಂಡಭೇರುಂಡದ ಲಾಂಛನವನ್ನು ತೆಳು ಸ್ಟಿಕರಿನಲ್ಲಿ ಮುದ್ರಿಸಿ ಅಂಟಿಸಿದೆ. ಅದು ಅಷ್ಟು ಚಿಕ್ಕದಾಗಿದ್ದರೂ ಇಲ್ಲದೆ ಈ ಹಡಗು ಪೂರ್ತಿಯಾಗುವುದಿಲ್ಲ.

130 ಸೆಂ.ಮೀ. ಹಡಗನ್ನು ಪರೀಕ್ಷಿಸಲು ಯಾವ ಟಬ್ಬೂ ಸಾಲದು. ನೆಲದ ಮೇಲೆ ಹಲಗೆಗಳಿಂದ 1.6 ಮೀಟರ್ ಉದ್ದ, 60 ಸೆಂ.ಮೀ. ಅಗಲದ ಚೌಕ ನಿಲ್ಲಿಸಿ, ಟಾರ್ಪಾಲು ಹಾಸಿ 20 ಸೆಂ.ಮೀ. ನೀರು ತುಂಬಿದರೆ ಸಾಕು. 190 ಲೀಟರ್ ಬೇಕು, ಆಮೇಲೆ ಗಿಡಕ್ಕೆ ಬಿಡಬಹುದು. ಸೀಸಕ್ಕೆ ಗಾಳದ ಗುಂಡು ಅಥವಾ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5, 10 ಗ್ರಾಂ ತುಂಡು. ಮನೆಯಲ್ಲಿ ಸೀಸ ಕರಗಿಸುವ ಕೆಲಸ ಬೇಡ, ಹೊಗೆ ವಿಷ. ಮೊದಲು ಸಣ್ಣ ಚೀಲಗಳಲ್ಲಿ ಹಾಕಿ ಜರುಗಿಸುತ್ತಾ ಮುಂದು ಹಿಂದು ಎರಡೂ ಗೆರೆಗೆ ಬರುವಂತೆ ಮಾಡಬೇಕು.

ಬಳಿಕ ಹಡಗನ್ನು ಒಂದು ಕಡೆಗೆ ಮೆಲ್ಲಗೆ ವಾಲಿಸಿ ಬಿಟ್ಟು, ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡು ಎಂದು ಅಳೆಯಿರಿ. ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದರೆ ಒಂದು. ಅಗಲವನ್ನು ಮೀಟರಿನಲ್ಲಿ 0.8ರಿಂದ ಗುಣಿಸಿ, ಒಂದು ಓಲಾಟದ ಸಮಯದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಸ್ಥಿರತೆಯ ಅಂದಾಜು ಸಿಗುತ್ತದೆ. ಒಂದು ಸೆಕೆಂಡು ಬಂದರೆ 12 ಮಿ.ಮೀ., ನಿಶ್ಚಿಂತೆ. ಒಂದೂವರೆ ಬಂದರೆ 5 ಮಿ.ಮೀ., ತಿರುವಿನಲ್ಲಿ ವಾಲುತ್ತದೆ. ಎರಡು ಸೆಕೆಂಡಿಗೆ ಬಂದರೆ 3 ಮಿ.ಮೀ., ಆ ಹಡಗನ್ನು ಕೆರೆಗೆ ಒಯ್ಯಬಾರದು. ನಿಧಾನವಾಗಿ, ಗಂಭೀರವಾಗಿ ಓಲಾಡುವ ಹಡಗು ಅಸಲಿನಂತೆ ಕಾಣುತ್ತದೆಂದು ಮೆಚ್ಚಿಕೊಳ್ಳುವವರಿದ್ದಾರೆ. ಆ ಗಾಂಭೀರ್ಯವೇ ಮಗುಚುವ ಲಕ್ಷಣ.

ಗಾಳಿಯನ್ನು ಯಾರೂ ಕುಗ್ಗಿಸಲಾರರು. ವೇಗಗಳು ಅಳತೆಯ ವರ್ಗಮೂಲದಂತೆ ಇಳಿಯುತ್ತವೆ. 125ರ ವರ್ಗಮೂಲ 11ಕ್ಕಿಂತ ತುಸು ಹೆಚ್ಚು. ಗಂಟೆಗೆ 11 ಕಿ.ಮೀ.ನ ತಂಗಾಳಿ ನಮ್ಮ ಹಡಗಿಗೆ 120 ಕಿ.ಮೀ.ನ ಚಂಡಮಾರುತ. ತೊಣ್ಣೂರು ಕೆರೆಯಂಥ ವಿಶಾಲ ನೀರಿನಲ್ಲಿ ಏಳುವ 5 ಸೆಂ.ಮೀ. ಅಲೆ ಅದಕ್ಕೆ ಆರು ಮೀಟರ್ ದಾಟಿದ ಅಲೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಯಲ್ಲಿ ಕಟ್ಟುವ ಕೆಲಸ, ಓಡಿಸುವುದು ನವೆಂಬರ್‌ನಿಂದ ಫೆಬ್ರುವರಿಯ ಬೆಳಗಿನ ಎಂಟರೊಳಗೆ.

ಜಾಗದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತ. ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ಹಕ್ಕಿಗಳವು, ಅಲ್ಲಿಗೆ ಮೋಟಾರು ಒಯ್ಯಬಾರದು. ರಂಗನತಿಟ್ಟಿನ ಮಾತೇ ಬೇಡ. ವಿಶ್ವೇಶ್ವರಯ್ಯ ನಾಲೆ ನೇರವಾಗಿ ಕಾಣುತ್ತದೆಂದು ಆಸೆಪಡಬೇಡಿ: ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಪೂರ್ತಿ ವೇಗದ ಹಡಗೂ ಹತ್ತಿರ ಹತ್ತಿರ ನಿಂತಲ್ಲೇ ನಿಲ್ಲುತ್ತದೆ, ಬ್ಯಾಟರಿ ಇಳಿದರೆ ಹೊರಟೇ ಹೋಗುತ್ತದೆ. ಮಂಡ್ಯದ ಕಡೆ ರೈತರ ಕೃಷಿ ಹೊಂಡ ಒಳ್ಳೆಯದು: ಜೊಂಡಿಲ್ಲ, ಅಂತರಗಂಗೆಯಿಲ್ಲ, ಅಲೆಯಿಲ್ಲ. ಹೊಲದವರನ್ನು ಕೇಳಿಯೇ ಇಳಿಸಬೇಕು. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು. ಗೂಟಕ್ಕೆ ಕಟ್ಟಿದ ಗಂಟುಹಗ್ಗವೊಂದು ನೀರಿನವರೆಗೆ ಇಳಿಬಿಟ್ಟಿರಬೇಕು, ಮಕ್ಕಳು ಅಂಚಿಗೆ ಬರಬಾರದು. ಹಡಗು ನಡುವೆ ನಿಂತುಹೋದರೆ ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ಅದರಾಚೆಗೆ ಎಸೆದು ಎಳೆಯಬೇಕು. ಈಜಿ ತರುವ ಸಾಹಸ ಬೇಡ.

ವೇಗ ಸರಿಯಿದೆಯೇ ಎಂದು ನೋಡಲು ದಡದಲ್ಲಿ 10 ಮೀಟರ್ ಅಂತರಕ್ಕೆ ಎರಡು ಕಡ್ಡಿ ನೆಡುತ್ತೇನೆ. ಅಸಲು ಹಡಗಿನ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ವೇಗಕ್ಕೆ ನಮ್ಮದು ಆ ದೂರವನ್ನು 12 ಸೆಕೆಂಡಿನಲ್ಲಿ ದಾಟಬೇಕು, 28 ನಾಟ್‌ಗೆ ಎಂಟಕ್ಕಿಂತ ತುಸು ಕಡಿಮೆಯಲ್ಲಿ. ರಿಮೋಟಿನಲ್ಲಿ ಆ ಎರಡು ಜಾಗಕ್ಕೂ ಬಣ್ಣದ ಗುರುತು ಹಾಕಿದ್ದೇನೆ. ಹನ್ನೆರಡು ಸೆಕೆಂಡಿನ ವೇಗದಲ್ಲಿ ಮೂತಿಯ ಅಲೆ ಫೋಟೋದಲ್ಲಿನ ಹಡಗಿನ ಅಲೆಯಂತೆಯೇ ಹರಡುತ್ತದೆ. ಪ್ರತಿ ಓಟದ ಬಳಿಕ ಡೆಕ್ ತೆರೆದು ಒಳಗಿಟ್ಟ ಸ್ಪಂಜನ್ನು ಹಿಂಡಿ ತೂಗುತ್ತೇನೆ. 20 ಗ್ರಾಂ ನೀರು ಬಂದಿದ್ದರೆ ಗ್ರೀಸ್ ತುಂಬುವ ಸಮಯ. 100 ಮುಟ್ಟಿದ್ದರೆ ಅದು ಅತ್ತಿಂದಿತ್ತ ಹರಿದು ಹಡಗನ್ನು ವಾಲಿಸುವಷ್ಟಾಯಿತು. ಅಂದು ಮತ್ತೆ ನೀರಿಗೆ ಬಿಡುವುದಿಲ್ಲ.