ಟಿವಿ ನಿಂತರೆ ಮೊದಲು ಡಿಶ್ ಮುಟ್ಟಬೇಡಿ: ಹೊಸದಾಗಿ ಬಂದವರಿಗೆ ಕೆಲವು ಮಾತು

ಪರದೇಶಕ್ಕೆ ಬಂದು ಮನೆ ಹಿಡಿದಿದ್ದೀರಿ. ಬಾಲ್ಕನಿಯಲ್ಲಿ ಡಿಶ್ ಕೂತಿದೆ, ಕನ್ನಡ ಚಾನೆಲ್ ಬರುತ್ತಿದೆ. ಒಂದು ದಿನ ಇದ್ದಕ್ಕಿದ್ದಂತೆ ಚಿತ್ರ ನಿಲ್ಲುತ್ತದೆ. ಆಗ ನೆನಪಿಟ್ಟುಕೊಳ್ಳಬೇಕಾದ್ದು ಒಂದೇ ಮಾತು: ಡಿಶ್ ಮುಟ್ಟಬೇಡಿ. ನಾನು ಮುಟ್ಟಿದೆ. ಅದರ ಕಷ್ಟ ಅನುಭವಿಸಿದವರು ನಮ್ಮಮ್ಮ.

ನಾವು ಬಂದ ವರ್ಷವೇ ಅಮ್ಮ ಆರು ತಿಂಗಳಿಗೆಂದು ಬಂದಿದ್ದರು. ನಾವಿಬ್ಬರೂ ಕೆಲಸಕ್ಕೆ, ಮಗಳು ಸ್ಕೂಲಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಆ ಮನೆಯಲ್ಲಿ ಅವರ ಜೊತೆ ಕನ್ನಡ ಮಾತಾಡುತ್ತಿದ್ದದ್ದು ಟಿವಿ ಒಂದೇ. ಒಂದು ಸಂಜೆ ಜೋರು ಮಳೆ ಹಿಡಿಯಿತು. ಚಿತ್ರ ಚೌಕ ಚೌಕವಾಗಿ ಒಡೆಯಿತು, ದನಿ ತುಂಡು ತುಂಡಾಯಿತು, ಆಮೇಲೆ ‘ಸಿಗ್ನಲ್ ಇಲ್ಲ’ ಅಂತ ಬಂತು. ನಾನು ಸ್ಪ್ಯಾನರ್ ಹಿಡಿದು ಮಳೆಯಲ್ಲೇ ಬಾಲ್ಕನಿಗೆ ಹೋದೆ. ಹಿಂದಿನ ಬೋಲ್ಟ್ ಸಡಿಲ ಮಾಡಿ ಡಿಶ್ಶನ್ನು ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ತಿರುಗಿಸಿದೆ. ಅರ್ಧ ಗಂಟೆಗೆ ಮಳೆ ನಿಂತಿತು. ಚಿತ್ರ ಬರಲಿಲ್ಲ. ಮುಟ್ಟದೆ ಇದ್ದಿದ್ದರೆ ತಾನಾಗಿಯೇ ಬರುತ್ತಿತ್ತು.

19 ದಿನ ಟಿವಿ ಇರಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ‘ಇರಲಿ ಬಿಡಪ್ಪ, ನನಗೇನು’ ಅಂದರು. ಆದರೆ ದಿನಾ ಬೆಳಿಗ್ಗೆ ರಿಮೋಟನ್ನು ಸೆರಗಿನ ತುದಿಯಲ್ಲಿ ಒರೆಸಿ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ನನಗೆ ಇವತ್ತಿಗೂ ಅದು ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಕೈಗೆ ಒಂದು ಹಳೇ ಅಭ್ಯಾಸ ಕೂತುಬಿಟ್ಟಿದೆ. ಒಬ್ಬರು ಮಾಳಿಗೆ ಮೇಲೆ ಆಂಟೆನಾ ತಿರುಗಿಸುವುದು, ಇನ್ನೊಬ್ಬರು ಕೆಳಗಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗುವುದು. ಆಗ ಅದು ಸರಿ. ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದಷ್ಟೂ ಚುಕ್ಕಿ ಜಾಸ್ತಿಯಾಗುತ್ತಿತ್ತು, ಕಣ್ಣಿಗೇ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗೆ ನಿಧಾನವಾಗಿ ಮಂಕಾಗುವುದಿಲ್ಲ. ಸಿಗ್ನಲ್ ಒಂದು ಮಟ್ಟದ ಮೇಲಿರುವ ತನಕ ಚಿತ್ರ ಸ್ವಚ್ಛ. ಚೂರು ಕೆಳಗಿಳಿದರೆ ಒಡೆಯುತ್ತದೆ, ಇನ್ನೂ ಚೂರು ಇಳಿದರೆ ಏನೂ ಇಲ್ಲ. ಬರೀ ಪರದೆ ನೋಡಿಕೊಂಡು ತಿರುಗಿಸಿದರೆ ಹತ್ತಿರ ಹೋಗುತ್ತಿದ್ದೀರೋ ದೂರ ಹೋಗುತ್ತಿದ್ದೀರೋ ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. 60 ಸೆಂಟಿಮೀಟರ್ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಸುಮಾರು ಒಂದು ಡಿಗ್ರಿ ತಿರುಗಿದ ಹಾಗೆ. ಅಷ್ಟು ದೂರದಲ್ಲಿ ಆ ಒಂದು ಡಿಗ್ರಿ ಅಂದರೆ 600 ಕಿಲೋಮೀಟರಿಗಿಂತ ಜಾಸ್ತಿ. ನಾನು ಮಳೆಯಲ್ಲಿ ನಾಲ್ಕು ಬೆರಳಗಲ ತಿರುಗಿಸಿದ್ದೆ.

ಮಳೆಗೆ ಚಿತ್ರ ಹೋದರೆ ಏನೋ ಕೆಟ್ಟಿದೆ ಅಂತಲ್ಲ. ಮನೆ ಡಿಶ್ಶಿಗೆ ಬರುವ, ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಮೋಡ ದಾಟಲಿ, ಕಾಯಿರಿ. ತುಂತುರಿಗೂ ಚಿತ್ರ ಹೋಗುತ್ತಿದ್ದರೆ ಮಾತು ಬೇರೆ: ಡಿಶ್ ಸ್ವಲ್ಪ ಸರಿದಿರಬೇಕು, ಇಲ್ಲವೇ ಕೇಬಲ್‌ಗೆ ನೀರು ಇಳಿದಿರಬೇಕು. ಹಿಮ ಬೀಳುವ ಕಡೆ ಇದ್ದರೆ, ಡಿಶ್ ಮೇಲೆ ಅಂಟಿದ ಒದ್ದೆ ಹಿಮವನ್ನು ಮೆತ್ತಗಿನ ಬ್ರಷ್‌ನಲ್ಲಿ ತೆಗೆಯಿರಿ, ಕೆರೆಯಬೇಡಿ.

ಇನ್ನೊಂದು ಇದೆ. ಮಾರ್ಚ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಒಮ್ಮೆ, ಕೆಲವು ದಿನ ಹಗಲಲ್ಲಿ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಚಿತ್ರ ಕೆಲವು ನಿಮಿಷ ಹೋಗುತ್ತದೆ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಇದನ್ನು ಮೊದಲು ಗಮನಿಸಿದವರು ಅಮ್ಮ. ‘ನಾಲ್ಕು ದಿನದಿಂದ ಮಧ್ಯಾಹ್ನ ಇದೇ ಹೊತ್ತಿಗೆ ಹೋಗಿ ಇದೇ ಹೊತ್ತಿಗೆ ಬರ್ತಿದೆ ಕಣೋ’ ಅಂದರು. ಮನೆಯಲ್ಲಿ ದಿನವಿಡೀ ಟಿವಿ ನೋಡುವವರ ಮಾತು ಕೇಳಿ. ಯಾವಾಗ ಹೋಗುತ್ತದೆ ಅನ್ನುವುದೇ ಅರ್ಧ ಉತ್ತರ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಅಪಾರ್ಟ್‌ಮೆಂಟ್ ಆದರೆ ಅಲ್ಲಿನ ನಿಯಮ ಕೇಳಿ, ಟಿವಿಗೆ ಲೈಸೆನ್ಸ್ ಬೇಕಿರುವ ದೇಶವಾದರೆ ಮಾಡಿಸಿ. ಅಷ್ಟು ಸಾಕು.

ಊರಿಂದ ಸೆಟ್ ಟಾಪ್ ಬಾಕ್ಸ್ ಮಾತ್ರ ಹೊತ್ತು ತರಬೇಡಿ. ನಾನು ಬಟ್ಟೆ ಮಧ್ಯೆ ಸುತ್ತಿ ತಂದಿದ್ದೆ. ಭಾರತದ ಡಿಟಿಎಚ್ ಉಪಗ್ರಹಗಳು ಸಿಗ್ನಲ್ಲನ್ನು ಟಾರ್ಚ್ ಬೆಳಕಿನ ಹಾಗೆ ಭಾರತದ ಮೇಲೇ ಬಿಡುತ್ತವೆ. ಅಕ್ಕಪಕ್ಕದ ದೇಶದಲ್ಲಿ ಅಂಚಿನ ಬೆಳಕು ದೊಡ್ಡ ಡಿಶ್ಶಿಗೆ ಸಿಕ್ಕೀತು. ದೂರ ಹೋದಂತೆ ಅದೂ ಇಲ್ಲ. ಭೂಮಿಯ ಇನ್ನೊಂದು ಬದಿಗೆ ಹೋದರೆ ಆ ಉಪಗ್ರಹ ದಿಗಂತದ ಕೆಳಗೇ ಇರುತ್ತದೆ, ಎಷ್ಟು ದೊಡ್ಡ ಡಿಶ್ ಇಟ್ಟರೂ ಪ್ರಯೋಜನ ಇಲ್ಲ. ಊರಿನ ಟಿವಿ ತಂದರೂ ಕಷ್ಟ ಇದೆ. ಆಂಟೆನಾದಲ್ಲಿ ಬರುವ ಚಾನೆಲ್‌ಗಳಿಗೆ ಯುರೋಪಿನಲ್ಲಿ ಡಿವಿಬಿ-ಟಿ ಪದ್ಧತಿ, ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನಿನಲ್ಲಿ ಐಎಸ್‌ಡಿಬಿ-ಟಿ. ಒಂದರ ಟ್ಯೂನರ್‌ಗೆ ಇನ್ನೊಂದು ಅರ್ಥವಾಗುವುದಿಲ್ಲ. ನೀವಿರುವ ದೇಶಕ್ಕೆ ಕನ್ನಡ ಚಾನೆಲ್ ಯಾವ ದಾರಿಯಲ್ಲಿ ಬರುತ್ತದೆ ಅಂತ ಮೊದಲು ಕೇಳಿ, ಆಮೇಲೆ ಸಾಮಾನು ಕೊಳ್ಳಿ.

ಜಾಗ ಹುಡುಕುವಾಗಲೂ ನಾನು ತಪ್ಪಿದೆ. ಭೂಮಧ್ಯರೇಖೆಗಿಂತ ಸಾಕಷ್ಟು ಉತ್ತರಕ್ಕಿರುವ ದೇಶಗಳಲ್ಲಿ ಡಿಶ್ ದಕ್ಷಿಣದ ಕಡೆ ನೋಡಬೇಕು, ದಕ್ಷಿಣದ ದೇಶಗಳಲ್ಲಿ ಉತ್ತರದ ಕಡೆ. ಫೋನಿನ ದಿಕ್ಸೂಚಿ ಹಿಡಿದು ಕಬ್ಬಿಣದ ಕಂಬಿ ಪಕ್ಕ ನಿಂತರೆ ಅದು ಸುಳ್ಳು ಹೇಳುತ್ತದೆ. ಎರಡು ಮೂರು ಹೆಜ್ಜೆ ಆಚೆ ನಿಂತು ನೋಡಿ. ಕಿಟಕಿ ಗಾಜಿನ ಹಿಂದೆ ಡಿಶ್ ಇಡಬೇಡಿ. ಬಿಸಿ ತಡೆಯುವ ಗಾಜಿಗೆ ತೆಳುವಾದ ಲೋಹದ ಲೇಪ ಇರುತ್ತದೆ, ಅಲೆ ಒಳಗೆ ಬರುವುದಿಲ್ಲ. ನಮ್ಮ ಎರಡನೇ ಮನೆಯಲ್ಲಿ ಚಳಿಗಾಲದಲ್ಲಿ ಡಿಶ್ ಕೂರಿಸಿದೆವು. ಎದುರಿಗೆ ಬೋಳು ಮರ, ಅಡ್ಡಿ ಅನ್ನಿಸಲೇ ಇಲ್ಲ. ಎಲೆ ಚಿಗುರಿತು, ಸಿಗ್ನಲ್ ದಿನಾ ಸ್ವಲ್ಪ ಸ್ವಲ್ಪ ಇಳಿದು ಪೂರ್ತಿ ಹೋಯಿತು. ನಮಗೆ ವರ್ಷವಿಡೀ ಎಲೆ ಇರುವ ಮರ ನೋಡಿ ಅಭ್ಯಾಸ ಅಲ್ವಾ, ಹೊಳೆಯಲಿಲ್ಲ. ನೀವು ಚಳಿಗಾಲದಲ್ಲಿ ಜಾಗ ಆರಿಸಿದರೆ ಮರಕ್ಕೆ ಎಲೆ ಬಂದ ಹಾಗೆ ಕಲ್ಪಿಸಿಕೊಂಡು ನೋಡಿ.

ಇನ್ನು ಆ 19 ದಿನ ಮುಗಿದದ್ದು ಹೇಗೆ ಅಂತ ಹೇಳಬೇಕು. ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ನಾನು ಮೊದಲ ವಾರವೆಲ್ಲ ಸ್ಟ್ರೆಂತ್ ನೋಡಿಕೊಂಡೇ ತಿರುಗಿಸಿದೆ. ಅದು 80ಕ್ಕೆ ಏರಿತು, ಚಾನೆಲ್ ಮಾತ್ರ ಬರಲಿಲ್ಲ. ಬೇರೆ ಉಪಗ್ರಹ ಸಿಕ್ಕರೂ ಸ್ಟ್ರೆಂತ್ ಏರುತ್ತದೆ. ನೀವು ನೋಡಬೇಕಾದ್ದು ಕ್ವಾಲಿಟಿ. ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ, ನಿಲ್ಲಿಸಿ, ಐದು ಎಣಿಸಿ. ಸಂಖ್ಯೆ ಬದಲಾಗಲು ಬಾಕ್ಸಿಗೆ ಅಷ್ಟು ಹೊತ್ತು ಬೇಕು.

20ನೇ ದಿನ ಭಾನುವಾರ. ನಾನು ಬಾಲ್ಕನಿಯಲ್ಲಿ, ಆರು ವರ್ಷದ ಮಗಳು ಟಿವಿ ಮುಂದೆ, ಅವಳ ಪಕ್ಕದಲ್ಲಿ ಅಮ್ಮ. ಮಗಳು ಸ್ಕೂಲಿನ ಭಾಷೆಯಲ್ಲಿ ಸಂಖ್ಯೆ ಕೂಗತೊಡಗಿದಳು. ‘ಪುಟ್ಟೀ, ಅಪ್ಪಂಗೆ ಕನ್ನಡದಲ್ಲಿ ಹೇಳು’ ಅಂದರು ಅಮ್ಮ. ಅವಳಿಗೆ ಹತ್ತರ ಮೇಲೆ ಬರುತ್ತಿರಲಿಲ್ಲ. ಒಂದು ಕ್ಷಣ ಸದ್ದಿಲ್ಲ. ಅಜ್ಜಿ ಕಿವಿಯಲ್ಲಿ ಹೇಳಿಕೊಟ್ಟಿದ್ದು ನನಗೂ ಕೇಳಿತು. ‘ನಲವತ್ತೇಳು!’ ನಾನು ಸ್ವಲ್ಪ ಸರಿಸಿದೆ. ‘ಐವತ್ತೆರಡು!’ ಇನ್ನೂ ಸ್ವಲ್ಪ. ‘ಅಪ್ಪಾ, ಅರವತ್ತಾರು!’ ‘ಕಡಿಮೆ ಆಯ್ತು, ಕಡಿಮೆ ಆಯ್ತು!’ ಅಂದಾಗ ಹಿಂದಕ್ಕೆ ಬಂದೆ. ಹಾಗೆ ಶಿಖರ ದಾಟಿ ವಾಪಸ್ ಬಂದರೇನೇ ಸರಿಯಾದ ಜಾಗ ಗೊತ್ತಾಗುವುದು. ಕೊನೆಗೆ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಯನ್ನು, ಅಂದರೆ ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಚಿಕ್ಕ ಡಬ್ಬಿಯನ್ನು, ಅದರ ಹಿಡಿಕೆಯೊಳಗೇ ನಿಧಾನವಾಗಿ ತಿರುಗಿಸಿದೆ. ಅದರ ಓರೆಯೂ ಸರಿಯಿರಬೇಕು. ‘ಎಪ್ಪತ್ತೊಂದು!’ ಬೋಲ್ಟ್ ಬಿಗಿ ಮಾಡಿದೆ. ಒಳಗೆ ಹೋಗಿ ನೋಡಿದರೆ ಚಾನೆಲ್ ಬರುತ್ತಿತ್ತು. ಅಮ್ಮ ಮಾತ್ರ ಮೊಮ್ಮಗಳ ಮುಖ ನೋಡುತ್ತಿದ್ದರು.

ಕನ್ನಡ ಟಿವಿ ಹಾಕಿಸಿದರೆ ಮಗು ತಾನಾಗಿ ಕನ್ನಡ ಕಲಿಯುತ್ತದೆ ಅಂತ ನಾನು ನಂಬಿದ್ದೆ. ಹಾಗಾಗಲಿಲ್ಲ. ಅವಳು ಟಿವಿ ಮುಂದೆ ಸುಮ್ನೆ ಕೂರುತ್ತಿದ್ದಳು, ಮಾತು ಅವಳ ಮೇಲಿಂದ ಹಾದು ಹೋಗುತ್ತಿತ್ತು. ಆ ಭಾನುವಾರ ಕಲಿತ ಸಂಖ್ಯೆಗಳು ಮಾತ್ರ ಇವತ್ತಿಗೂ ಅವಳ ಬಾಯಲ್ಲಿವೆ. ಹೊರಗೆ ಅಪ್ಪ ಕಾಯುತ್ತಿದ್ದ, ಒಳಗೆ ಅಜ್ಜಿ ಹೇಳಿಕೊಡುತ್ತಿದ್ದರು.

ಎರಡು ವರ್ಷ ನಾನು ಸ್ಥಳೀಯ ಚಾನೆಲ್‌ಗಳ ಆಂಟೆನಾ ಹಾಕಿಸಲೇ ಇಲ್ಲ. ನಮಗ್ಯಾಕೆ ಅಂದುಕೊಂಡೆ. ಮಗಳ ತರಗತಿಯಲ್ಲಿ ಎಲ್ಲರೂ ಹಿಂದಿನ ಸಂಜೆಯ ಕಾರ್ಯಕ್ರಮದ ಬಗ್ಗೆ ಮಾತಾಡುವಾಗ ಅವಳು ಒಬ್ಬಳೇ ಸುಮ್ಮನಿರುತ್ತಿದ್ದಳಂತೆ. ಅದನ್ನು ಅವಳು ಹೇಳಿದ್ದು ಎಷ್ಟೋ ವರ್ಷದ ಮೇಲೆ. ದಯವಿಟ್ಟು ಎರಡನ್ನೂ ಹಾಕಿಸಿ. ಆಂಟೆನಾದ ಚಾನೆಲ್ ಮಾಯವಾದರೆ ಮೊದಲು ಮತ್ತೆ ಸ್ಕ್ಯಾನ್ ಮಾಡಿ, ಪ್ರಸಾರದ ಫ್ರೀಕ್ವೆನ್ಸಿ ಬದಲಾಗಿರಬಹುದು. ಹಿಂದೆ ಟಿವಿಗಿದ್ದ 700, 800 ಮೆಗಾಹರ್ಟ್ಸ್ ಈಗ ಎಷ್ಟೋ ದೇಶಗಳಲ್ಲಿ ಮೊಬೈಲ್‌ಗೆ ಹೋಗಿವೆ. ಪಕ್ಕದಲ್ಲಿ ಟವರ್ ಬಂದರೆ ಆಂಟೆನಾ ಕೇಬಲ್‌ಗೆ ಮೊಬೈಲ್ ಸಿಗ್ನಲ್ ತಡೆಯುವ ಒಂದು ಫಿಲ್ಟರ್ ಬೇಕಾಗಬಹುದು. ಆಂಪ್ಲಿಫೈಯರ್ ಹಾಕಲು ಅವಸರ ಬೇಡ. ಸಿಗ್ನಲ್ ವಿಪರೀತ ಜಾಸ್ತಿಯಾದರೂ ಚಿತ್ರ ಒಡೆಯುತ್ತದೆ.

ಹಾಗಾದರೆ ಟಿವಿ ನಿಂತಾಗ ಮಾಡುವುದೇನು? ಒಳಗಿಂದ ಹೊರಗೆ ಬನ್ನಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಟಿವಿಯ ಇನ್‌ಪುಟ್ ಸರಿಯಿದೆಯಾ ನೋಡಿ. ಬಾಕ್ಸಿನ ಪ್ಲಗ್ ತೆಗೆದು ಒಂದೆರಡು ನಿಮಿಷ ಬಿಟ್ಟು ಹಾಕಿ. ಆಮೇಲೆ ಕೇಬಲ್. ಬಾಕ್ಸ್ ಅದರಲ್ಲೇ 13 ಅಥವಾ 18 ವೋಲ್ಟ್ ಕರೆಂಟನ್ನು ಎಲ್‌ಎನ್‌ಬಿಗೆ ಕಳಿಸುತ್ತದೆ, ಅದಕ್ಕೇ ಪ್ಲಗ್ ತೆಗೆದ ಮೇಲೆಯೇ ಕನೆಕ್ಟರ್ ಬಿಚ್ಚಬೇಕು. ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಡುವಿನ ತಾಮ್ರದ ತಂತಿ ಹೊಳೆಯಬೇಕು. ಹಸಿರು ಕಟ್ಟಿದ್ದರೆ ನೀರು ಇಳಿದಿದೆ, ಆ ತುಂಡು ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್ಲ ನಿಲ್ಲುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬೀಳುವಂತೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅರ್ಧ ಚಾನೆಲ್ ಬಂದು ಅರ್ಧ ಬರದಿದ್ದರೆ ಡಿಶ್ಶಿನ ದಿಕ್ಕಿಗಿಂತ ಮೊದಲು ಎಲ್‌ಎನ್‌ಬಿ ಮೇಲೆ, ಕೇಬಲ್ ಮೇಲೆ ಅನುಮಾನ ಪಡಿ. 13 ವೋಲ್ಟ್ ಬಂದಾಗ ಎಲ್‌ಎನ್‌ಬಿ ಒಂದು ಬಗೆಯ ಅಲೆ ಹಿಡಿಯುತ್ತದೆ, 18 ಬಂದಾಗ ಇನ್ನೊಂದು ಬಗೆ. ಒಂದು ಕೈಕೊಟ್ಟರೆ ಆ ಬಗೆಯ ಚಾನೆಲ್‌ಗಳಷ್ಟೇ ಹೋಗುತ್ತವೆ.

ಈಗ ಎಲ್ಲ ಇಂಟರ್ನೆಟ್‌ನಲ್ಲೇ ಸಿಗುತ್ತದಲ್ವಾ ಅನ್ನುವವರಿದ್ದಾರೆ. ಸಿಗುತ್ತದೆ, ನಾವೂ ನೋಡುತ್ತೇವೆ. ಆದರೆ ಹಗಲೆಲ್ಲ ಒಬ್ಬರೇ ಇರುವ ಅಪ್ಪ ಅಮ್ಮನಿಗೆ ಒಂದು ರಿಮೋಟ್, ಒಂದು ಚಾನೆಲ್ ನಂಬರ್ ಇದ್ದರೆ ಆಗುವ ನೆಮ್ಮದಿ ಬೇರೆ.

ಡಿಶ್ ಛಾವಣಿಯ ಮೇಲಿದ್ದರೆ ಹತ್ತಬೇಡಿ, ತಿಳಿದವರನ್ನು ಕರೆಯಿರಿ. ಕೈಗೆಟಕುವ ಹಾಗಿದ್ದು, ತಿರುಗಿಸಲೇಬೇಕು ಅಂತಾದರೆ, ಬೋಲ್ಟ್ ಸಡಿಲ ಮಾಡುವ ಮೊದಲು ಕಂಬಕ್ಕೂ ಹಿಡಿಕೆಗೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ, ಒಂದು ಫೋಟೋ ತೆಗೆದಿಡಿ. ಎಲ್ಲ ಸರಿಯಿರುವ ಬಿಸಿಲಿನ ದಿನ ಕ್ವಾಲಿಟಿ ಎಷ್ಟಿದೆ ಅಂತ ಬರೆದು ಬಾಕ್ಸಿನ ಹಿಂದೆ ಅಂಟಿಸಿ. ರಿಪೇರಿಗೆ ಬರುವವರು ಮೊದಲು ಕೇಳುವುದೇ ಅದನ್ನು. ನಮ್ಮ ಮನೆಯ ಚೀಟಿ ಮಗಳು ಬರೆದದ್ದು. ಅಜ್ಜಿ ಅಂಕಿ ತೋರಿಸಿಕೊಟ್ಟಿದ್ದರು: ‘ಬಿಸಿಲು ೭೧, ಮಳೆ ೫೪.’