ಎಡಗಾಲು ಒಂದೇ, ಪೆಡಲ್ ಎರಡು

ಬ್ರೇಕ್ ಪೆಡಲ್ ಸೀದಾ ನೆಲ ಮುಟ್ಟಿತು. ಕಾರಿನ ವೇಗ ಕಡಿಮೆಯಾಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಮತ್ತೆ ನೆಲ. ಮುಂದೆ ಸಿಗ್ನಲ್ ಕೆಂಪಾಗಿತ್ತು. ನಾನು ಗಂಟೆಗೆ 40 ಮೈಲಿಯಲ್ಲಿದ್ದೆ. ನಮ್ಮ ಲೆಕ್ಕದಲ್ಲಿ ಸುಮಾರು 65 ಕಿಲೋಮೀಟರ್.

ಅಮೆರಿಕದ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂ ರಸ್ತೆ, ಭಾನುವಾರ ಬೆಳಿಗ್ಗೆ. ಮೇ ತಿಂಗಳು. ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಮಲಗಿದ್ದ ಕಾರನ್ನು ಆ ವರ್ಷ ಹೊರಗೆ ತೆಗೆದು ಎರಡು ವಾರ ಆಗಿತ್ತು ಅಷ್ಟೆ. ಕಾರು 1966ರ ಪಾಂಟಿಯಾಕ್ ಜಿಟಿಒ. 389 ಘನ ಇಂಚಿನ ವಿ8 ಎಂಜಿನ್, ಅಂದರೆ ಸುಮಾರು 6.4 ಲೀಟರ್. ಕಂಪನಿ ಹೇಳಿಕೊಂಡ ಶಕ್ತಿ 335 ಅಶ್ವಶಕ್ತಿ. ಇಷ್ಟು ದೊಡ್ಡ ಎಂಜಿನ್ನನ್ನು ನಿಲ್ಲಿಸಲು ಇದ್ದದ್ದು ನಾಲ್ಕು ಚಕ್ರಕ್ಕೂ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯನ್ನು ಒಳಗಿನಿಂದ 'ಶೂ'ಗಳು ಒತ್ತಿ ಹಿಡಿಯುವ ಹಳೆಯ ಬಗೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಆ ನಾಲ್ಕಕ್ಕೂ ಸೇರಿ ಒಂದೇ, ಅದರಲ್ಲಿ ಒಂದೇ ಕೊಠಡಿ. ಎಲ್ಲಾದರೂ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು ಎಂದೇ ಅರ್ಥ.

ಆ ಗಳಿಗೆಯಲ್ಲಿ ನೆನಪಾದದ್ದು ಅಪ್ಪ. ಅಪ್ಪ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಸ್ಟೇರಿಂಗ್ ಪಕ್ಕದ ಗೇರನ್ನು ಎರಡಕ್ಕೆ ಹಾಕಿ, ಬ್ರೇಕಿನ ಮೇಲಿಂದ ಕಾಲು ತೆಗೆದುಬಿಡುತ್ತಿದ್ದರು. "ನಿಧಾನ ಮಾಡೋಕೆ ಗೇರು ಕಣೋ, ನಿಲ್ಸೋಕೆ ಮಾತ್ರ ಬ್ರೇಕು. ಘಾಟಿಲಿ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ಕೆಳಗೆ ಹೋಗೋ ಹೊತ್ತಿಗೆ ಬ್ರೇಕೇ ಇರಲ್ಲ." ಹತ್ತು ವರ್ಷದ ಹುಡುಗನಾಗಿದ್ದಾಗ ಕೇಳಿದ ಮಾತು.

ನಾಲ್ಕರಿಂದ ಮೂರು, ಮೂರರಿಂದ ಎರಡು. ಎಂಜಿನ್ ಕಿರುಚಿತು, ಕಾರು ಮುಗ್ಗರಿಸಿದ ಹಾಗಾಯಿತು. ಉಳಿದದ್ದು ಪಾರ್ಕಿಂಗ್ ಬ್ರೇಕ್. ಅದು ಹಿಂದಿನ ಚಕ್ರಗಳಿಗೆ ಕೇಬಲ್ಲಿನಲ್ಲಿ ಹೋಗುತ್ತದೆ, ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಈ ಕಾರಿನಲ್ಲಿ ಅದು ಕೈಯಲ್ಲಿ ಎಳೆಯುವ ಲಿವರ್ ಅಲ್ಲ, ಎಡ ಮೂಲೆಯಲ್ಲಿರುವ ಚಿಕ್ಕ ಪೆಡಲ್. ಕ್ಲಚ್ಚಿಗೂ ಎಡಗಾಲೇ ಬೇಕು. ಕಾಲು ಒಂದೇ, ಪೆಡಲ್ ಎರಡು. ಹಾಗಾಗಿ ಮೊದಲು ಗೇರು ಇಳಿಸಿ ಮುಗಿಸಬೇಕು, ಆಮೇಲೆ ಕಾಲನ್ನು ಆ ಕಡೆಗೆ ಒಯ್ಯಬೇಕು. ಜೊತೆಗೆ ಎಡಗೈಯಲ್ಲಿ ಆ ಬ್ರೇಕ್ ಬಿಡಿಸುವ ಹಿಡಿಯನ್ನು ಎಳೆದೇ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಪೆಡಲ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರಗಳು ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ. ಬಲಗೈ ಒಂದರಲ್ಲೇ ಸ್ಟೇರಿಂಗ್. ಗೆರೆ ದಾಟಿ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತೆ. ಅಡ್ಡ ಬರುವವರು ಯಾರೂ ಇರಲಿಲ್ಲ. ಕೈ ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ಈ ಕಾರಿನ ನೆನಪು ಬಂದಾಗೆಲ್ಲ ಮೊದಲು ಬರುವುದು ಈ ಬೆಳಿಗ್ಗೆಯೇ. ಆದರೂ ಅದನ್ನು ಓಡಿಸಿದ ಹನ್ನೆರಡು ವರ್ಷ ನನಗೆ ಬಹಳ ಪ್ರೀತಿಯ ವರ್ಷಗಳು. ಎರಡೂ ನಿಜ.

ನನ್ನ ಹಗಲಿನ ಕೆಲಸ ಬ್ರೇಕಿನದ್ದೇ. ಹೊಸ ಕಾರುಗಳ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಅದನ್ನು ಹದ ಮಾಡುವ ತಂಡದಲ್ಲಿದ್ದೆ. ಪ್ರತಿ ಚಳಿಗಾಲ ಮಿಷಿಗನ್‌ನ ಉತ್ತರಕ್ಕೆ ಹೋಗಿ, ಹಿಮದ ಟ್ರ್ಯಾಕಿನಲ್ಲಿ ಒಂದು ಕಡೆ ಮಂಜುಗಡ್ಡೆ, ಇನ್ನೊಂದು ಕಡೆ ಒಣ ಡಾಂಬರು ಇರುವಂತೆ ಮಾಡಿಕೊಂಡು ಬ್ರೇಕ್ ಹಾಕಿ ನೋಡುತ್ತಿದ್ದೆವು. ಕಾರು ನೇರವಾಗಿ ನಿಲ್ಲುತ್ತಿತ್ತು. ಅದು ದೊಡ್ಡ ವಿಷಯ, ಆ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ನನ್ನ ಕಾಲಿಗೂ ರಸ್ತೆಗೂ ನಡುವೆ ಏನು ನಡೆಯುತ್ತಿದೆ ಅಂತ ಲ್ಯಾಪ್‌ಟಾಪ್ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಅದು ಕಾಲಿಗೇ ತಿಳಿಯುವ ಕಾರು ಒಂದು ಬೇಕು ಅನಿಸಿತು. 2006ರಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಜಿಟಿಒ ಮಾರುತ್ತೇನೆ ಅಂದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಲೆಯ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು. ಓಡಿಸುವುದು ಹೇಗೆ ಅಂತ ಹೇಳಿಕೊಡಲು ಅವರು ಮೂರು ಶನಿವಾರ ಬಂದರು.

ಜಿಟಿಒಗೆ ಇಲ್ಲಿ ಪ್ರೀತಿಯ ಹೆಸರು 'ಗೋಟ್'. ಹಾಗಾಗಿ ನಮ್ಮ ಮನೆಯಲ್ಲಿ ಅದು ಮೇಕೆ. "ಮೇಕೆ ಹೊರಗೆ ಬಂತಾ?" ಅಂತ ಮಗಳು ಕಿಟಕಿಯಿಂದ ಕೂಗುತ್ತಿದ್ದಳು.

ಇದು ಹುಟ್ಟಿದ ಕಥೆಯೂ ಚೆನ್ನಾಗಿದೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್‌ನಲ್ಲಿ ನಿಯಮವಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಯವರು 1964ರ ಮಾದರಿಯ ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ 389 ಎಂಜಿನ್ನನ್ನು 'ಬೇಕಿದ್ದರೆ ಹಾಕಿಕೊಡುತ್ತೇವೆ' ಅಂತ ಪಟ್ಟಿಗೆ ಸೇರಿಸಿದರು. ಬೇಕು ಅಂದವರು ಸಾವಿರಾರು ಮಂದಿ. ಎಂಜಿನ್ ಬೆಳೆಯಿತು, ಬ್ರೇಕ್ ಮಾತ್ರ ಬೆಳೆಯಲಿಲ್ಲ.

ಹೊಸ ಕಾರು ಬೇಡುವುದಕ್ಕಿಂತ ತುಂಬಾ ಜಾಸ್ತಿ ಗಮನವನ್ನು ಇದು ಬೇಡುತ್ತದೆ. ತಣ್ಣಗಿದ್ದಾಗ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು, ಆಗ ತಣ್ಣನೆಯ ಎಂಜಿನ್‌ಗೆ ಗಾಳಿ ಕಡಿಮೆ ಮಾಡುವ ಚೋಕ್ ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ಕೀಲಿ. ಬಿಸಿಯಾಗಿ ನಿಂತಿದ್ದರೆ ಆ ಪೆಡಲನ್ನು ಪಂಪ್ ಮಾಡಲೇಬಾರದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕುದಿದು ಎಂಜಿನ್ ಒಳಗೆ ತುಂಬಿಕೊಂಡಿರುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಬೇಕು. ಕಿಡಿ ಹುಟ್ಟಿಸುವ 'ಪಾಯಿಂಟ್' ಹೊಂದಿಸಲು, ಆ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದಲ್ಲಿ ಒಂದು ಪುಟ್ಟ ಕಿಟಕಿ ಇದೆ. ಎಂಜಿನ್ ಓಡುತ್ತಿರುವಾಗಲೇ ಅಲೆನ್ ಕೀ ತೂರಿಸಿ, ಎಂಜಿನ್ ತಡವರಿಸುವ ತನಕ ತಿರುಗಿಸಿ, ಅರ್ಧ ಸುತ್ತು ಹಿಂದಕ್ಕೆ ತಂದರೆ ಸಾಕು. ಮೀಟರ್ ಬೇಡ, ಕಿವಿ ಸಾಕು. ಮೊದಲ ಸಲ ಅದನ್ನು ನಾನೇ ಮಾಡಿದ ಸಂಜೆ ಸುಮ್ನೆ ಬಾನೆಟ್ ತೆರೆದಿಟ್ಟು ಕೇಳುತ್ತಾ ನಿಂತಿದ್ದೆ.

ಬ್ರೇಕಿನ ವಿಷಯದಲ್ಲಿ ಆ ಹಿರಿಯರು ಹೇಳಿದ್ದು ಒಂದನ್ನೂ ಮರೆತಿಲ್ಲ. ಮಳೆ ನೀರಿನಲ್ಲಿ ಹಾದುಹೋದ ಮೇಲೆ ಡ್ರಮ್ ಒಳಗೆ ನೀರು ಸೇರಿ ಬ್ರೇಕ್ ಹಿಡಿಯುವುದಿಲ್ಲ. ಹೋಗುತ್ತಾ ಹೋಗುತ್ತಾ ಪೆಡಲನ್ನು ಮೆಲ್ಲಗೆ ಒತ್ತಿಟ್ಟು ಒಣಗಿಸಬೇಕು. ಒಂದು ಪಕ್ಕ ಬೇಗ ಒಣಗಿದರೆ ಕಾರು ಆ ಕಡೆಗೆ ಎಳೆಯುತ್ತದೆ, ಅದಕ್ಕೆ ಸ್ಟೇರಿಂಗ್ ಸಿದ್ಧವಿರಬೇಕು. ಜೋರಾಗಿ ಒಂದು ಸಲ ಬ್ರೇಕ್ ಹಾಕಿದರೆ ಚೆನ್ನಾಗಿ ನಿಲ್ಲುತ್ತದೆ. ಬೆನ್ನಿಗೇ ಇನ್ನೊಂದು ಸಲ ಹಾಕಿದರೆ ಡ್ರಮ್ ಕಾದಿರುತ್ತದೆ, ಪೆಡಲ್ ಗಟ್ಟಿ ಇದ್ದರೂ ಕಾರು ಜಾರುತ್ತಾ ಹೋಗುತ್ತದೆ. ಹಾಗಾಗಿ ಮುಂದಿನ ಕಾರಿಗಿಂತ ಬಹಳ ದೂರ ಇರುವುದು, ಮೂರು ಸಿಗ್ನಲ್ ಮುಂದೆ ನೋಡುವುದು. ಫೋನು ಡಿಕ್ಕಿಯಲ್ಲಿ. ಆ ಕಾರಿನಲ್ಲಿ ಕೂತಿದ್ದಾಗ ನನ್ನ ತಲೆಯಲ್ಲಿ ಆಫೀಸು, ಸಾಲ, ಊರಿನ ಚಿಂತೆ ಯಾವುದಕ್ಕೂ ಜಾಗವಿರಲಿಲ್ಲ. ಚಿಕ್ಕ ತ್ರಿಕೋನದ ಕಿಟಕಿ ತೆರೆದರೆ ಗಾಳಿ ಎದೆಗೆ ಬಡಿಯುತ್ತಿತ್ತು. ಪೆಟ್ರೋಲ್ ವಾಸನೆ, ಬಿಸಿ ಎಣ್ಣೆಯ ವಾಸನೆ, ಅಪ್ಪನ ಟ್ಯಾಕ್ಸಿಯದ್ದೇ ವಾಸನೆ.

ಬ್ರೇಕ್ ಹೋದ ದಿನ ಮನೆಗೆ ತಂದು ಚಕ್ರ ಬಿಚ್ಚಿದೆ. ಎಡಗಡೆ ಹಿಂದಿನ ಚಕ್ರದ ಸಿಲಿಂಡರಿನ ರಬ್ಬರ್ ಒಣಗಿ ಸೀಳಿತ್ತು, ಬ್ರೇಕ್ ಶೂ ಎಲ್ಲಾ ಆಯಿಲ್‌ನಲ್ಲಿ ನೆನೆದಿತ್ತು. ಹೊರಗೆ ತೆಗೆಯುವ ಮೊದಲು ನಾನು ಡ್ರಮ್ ಬಿಚ್ಚಿ ನೋಡಬೇಕಿತ್ತು, ನೋಡಿರಲಿಲ್ಲ. ಅವತ್ತೇ ತೀರ್ಮಾನಿಸಿದೆ. 1967ರ ಕಾರುಗಳಿಗೆ ಬಂದ ಎರಡು ಕೊಠಡಿಯ ಮಾಸ್ಟರ್ ಸಿಲಿಂಡರ್ ಹಾಕಿಸಿದರೆ ಮುಂದಿನ ಚಕ್ರಗಳಿಗೆ ಒಂದು ದಾರಿ, ಹಿಂದಿನವಕ್ಕೆ ಇನ್ನೊಂದು ದಾರಿ. ಒಂದು ಸೋರಿದರೂ ಇನ್ನೊಂದು ಇರುತ್ತದೆ. ನಾನೇ ಹಾಕಿದೆ. ಹೊಸ ಪೈಪು, ಹೊಸ ಹೋಸು, ನಾಲ್ಕೂ ಹೊಸ ಸಿಲಿಂಡರ್. ಒಂದು ಎಚ್ಚರಿಕೆ ಹೇಳಲೇಬೇಕು. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಇಲ್ಲದ ಕಾರಿಗೆ, ಪೆಡಲಿನ ಕಡ್ಡಿ ಕೂರುವ ಗುಳಿ ಆಳವಾಗಿರುವ ಮಾಸ್ಟರ್ ಸಿಲಿಂಡರೇ ಬೇಕು. ಗುಳಿಯ ಆಳ ಕಡಿಮೆ ಇದ್ದರೆ ಆ ಕಡ್ಡಿ ಜಾರಿ ಬೀಳಬಹುದು. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ನನ್ನ ಹೆಂಡತಿ ಸೀಟಿನಲ್ಲಿ ಕೂತಳು. ದೂರದ ಚಕ್ರದಿಂದ ಶುರು. "ಒತ್ತು, ಹಿಡಿ, ಬಿಡು." ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕು ಅಂತ ಆಫೀಸಿನ ಗೆಳೆಯರೆಲ್ಲ ಹೇಳಿದರು. ಹಾಕಲಿಲ್ಲ. ಡ್ರಮ್ಮಿನ ಆ ಭಾಷೆ ಕಾಲಿಗೆ ಅಭ್ಯಾಸವಾಗಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಆದರೆ ಬ್ರೇಕ್ ಸರಿಮಾಡಿದರೆ ಎಲ್ಲ ಸರಿಯಾಗಲಿಲ್ಲ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಮಾಲಿಬು ಎರಡನ್ನೂ ಎದುರುಬದುರು ಗುದ್ದಿಸಿ ತೋರಿಸಿತು. ವೇಗ ಗಂಟೆಗೆ 40 ಮೈಲಿ. ಹಳೆಯ ಕಾರಿನ ಚಾಲಕನ ಜಾಗವೇ ಮಡಚಿಹೋಯಿತು, ಅಲ್ಲಿ ಕೂತಿದ್ದವರು ಬದುಕುತ್ತಿರಲಿಲ್ಲ. ಹೊಸದರಲ್ಲಿದ್ದವರಿಗೆ ಕಾಲಿಗೆ ಸಣ್ಣ ಪೆಟ್ಟು. ಆಫೀಸಿನಲ್ಲಿ ಆ ವಿಡಿಯೊ ನೋಡಿದೆವು. ನಾನು ಆ ಭಾನುವಾರ ಹೋಗುತ್ತಿದ್ದದ್ದೂ 40 ಮೈಲಿಯಲ್ಲೇ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಸೊಂಟದ ಬೆಲ್ಟ್ ಮಾತ್ರ. ಸ್ಟೇರಿಂಗ್ ಕಂಬ ಮಡಚುವುದಿಲ್ಲ, ಮುಂದಿನಿಂದ ಗುದ್ದಿದರೆ ಸೀದಾ ಎದೆಗೆ ಬರುತ್ತದೆ. ಬಾಗಿಲಿನ ಹಿಂದೆ ಕಂಬವೇ ಇಲ್ಲದ ಮಾದರಿ, ಹೆಗಲಿನ ಬೆಲ್ಟ್ ಎಲ್ಲಿಗೆ ಬಿಗಿಯುವುದು? ಛಾವಣಿಯ ತೆಳು ತಗಡಿಗೆ ಬೋಲ್ಟ್ ಹಾಕಿ ಸಮಾಧಾನ ಪಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 50 ಸಾವಿರಕ್ಕೂ ಜಾಸ್ತಿ. ನನ್ನ ಕಾರು ಹುಟ್ಟಿದ ವರ್ಷ. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು, ಮುಂದೆ ಬಂದ ಎಲ್ಲಾ ನಿಯಮಗಳಿಗೆ ಅದೇ ತಾಯಿ. 'ಆ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಾವು ಚೆನ್ನಾಗೇ ಇದ್ದೆವಲ್ಲ' ಅಂತ ಹಳೆ ಕಾರಿನವರು ಹೇಳುವಾಗ ನಾನು ಒಪ್ಪುವುದಿಲ್ಲ. ಚೆನ್ನಾಗಿ ಉಳಿದವರು ಮಾತ್ರ ಆ ಮಾತು ಹೇಳಲು ಇದ್ದಾರೆ, ಅಲ್ವಾ?

ಆಮೇಲೆ ನಾನೇ ಮಾಡಿಕೊಂಡ ಕಟ್ಟುಪಾಡು ಹೀಗಿತ್ತು: ಹೆದ್ದಾರಿಗೆ ಹೋಗುವುದಿಲ್ಲ, ಕತ್ತಲಲ್ಲಿ ಹೋಗುವುದಿಲ್ಲ, ಮಗಳು ಕೂತರೆ ನಮ್ಮ ಬಡಾವಣೆ ದಾಟುವುದಿಲ್ಲ. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್‌ನಲ್ಲಿ 1995ರಿಂದ ನಡೆಯುವ ಹಳೆ ಕಾರುಗಳ ಡ್ರೀಮ್ ಕ್ರೂಸ್ ಮೆರವಣಿಗೆಗೆ ಮಾತ್ರ ತಪ್ಪಿಸಿಕೊಳ್ಳದೆ ಹೋಗುತ್ತಿದ್ದೆ. ಅಲ್ಲಿ ನಡೆಯುವವನ ವೇಗ. ಕ್ಲಚ್ ಒತ್ತಿ ಒತ್ತಿ ಎಡ ಮಂಡಿ ಸೋಲುತ್ತಿತ್ತು.

ಆ ಮಂಡಿಯಿಂದಲೇ 2018ರಲ್ಲಿ ಕಾರು ಮಾರಬೇಕಾಯಿತು. ಆಪರೇಷನ್ ಆದ ಮೇಲೆ ಆ ಕ್ಲಚ್ ಒತ್ತಲು ಆಗುತ್ತಿರಲಿಲ್ಲ. ತೆಗೆದುಕೊಂಡ ಹುಡುಗನಿಗೆ ನಾನೂ ಮೂರು ಶನಿವಾರ ಕೊಟ್ಟೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ, ಬ್ರೇಕ್ ಪೆಡಲ್ ಮುಟ್ಟದೆ, ಗೇರು ಮತ್ತು ಎಡ ಮೂಲೆಯ ಆ ಚಿಕ್ಕ ಪೆಡಲಿನಿಂದಲೇ ಕಾರು ನಿಲ್ಲಿಸುವುದನ್ನು ಇಪ್ಪತ್ತು ಸಲ ಮಾಡಿಸಿದೆ.

ಈಗ ಮಗಳಿಗೆ ಕೆಲಸ ಸಿಕ್ಕಿದೆ. ಅವಳಿಗೂ ಒಂದು ಮೇಕೆ ಬೇಕಂತೆ. 1966ರದ್ದು ಬೇಡ, 1967ರದ್ದು ನೋಡು ಅಂದಿದ್ದೇನೆ. ಮೈಕಟ್ಟು ಹೆಚ್ಚುಕಡಿಮೆ ಅದೇ, ಆದರೆ ಕಂಪನಿಯಿಂದಲೇ ಎರಡು ಕೊಠಡಿಯ ಮಾಸ್ಟರ್ ಸಿಲಿಂಡರ್, ಗುದ್ದಿದರೆ ಮಡಚುವ ಸ್ಟೇರಿಂಗ್ ಕಂಬ. ಹುಡುಕಿದರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಇರುವುದೂ ಸಿಗುತ್ತದೆ.